ಗಾಳಿಗೆ ಅಡ್ಡ ನಿಂತ ಹಂದರ: ಚಿತ್ರದುರ್ಗದ ಒಂದು ಕೈತೋಟದ ಪ್ರಕರಣ ಅಧ್ಯಯನ

ಹಿನ್ನೆಲೆ

ಚಿತ್ರದುರ್ಗ ನಗರದ ಅಂಚಿನಲ್ಲಿ, ಪಶ್ಚಿಮಕ್ಕೆ ಬಯಲು ತೆರೆದುಕೊಂಡಿರುವ ಎತ್ತರದ ನೆಲದಲ್ಲಿ ಕಟ್ಟಿದ ಒಂದು ಮನೆಯ ಕೈತೋಟದಲ್ಲಿ ಎರಡು ಮಳೆಗಾಲಗಳಲ್ಲಿ ನಡೆದ ಬಳ್ಳಿ ತರಕಾರಿಯ ಬೆಳೆಯನ್ನು ಇಲ್ಲಿ ವಿವರಿಸಲಾಗಿದೆ. ಮನೆಯವರ ಒಪ್ಪಿಗೆಯಿಂದಲೇ ಬರೆದಿದ್ದರೂ ಅವರ ಹೆಸರನ್ನೂ ಬಡಾವಣೆಯ ಹೆಸರನ್ನೂ ಬಿಟ್ಟಿದ್ದೇನೆ. ಮನೆಯಲ್ಲಿ ಮೂವರಿದ್ದಾರೆ: ತೋಟದ ಹೊಣೆ ಹೊತ್ತ ನಿವೃತ್ತ ಶಿಕ್ಷಕಿ, ಹೊಸದುರ್ಗದ ಕಡೆಯ ಹಳ್ಳಿಯಲ್ಲಿ ಬಹುಕಾಲ ಬೇಸಾಯ ಮಾಡಿದ ಅವರ ಅತ್ತೆ, ಮತ್ತು ಕೆಲಸಕ್ಕೆ ಹೋಗಿಬರುವ ಮಗ. ಅತ್ತೆಯವರನ್ನು ಮುಂದೆ ಅಜ್ಜಿ ಎಂದು ಕರೆದಿದ್ದೇನೆ. ಮನೆಯಲ್ಲಿ ಎಲ್ಲರೂ ಕರೆಯುವುದು ಹಾಗೆಯೇ.

ಮನೆಯ ಪಶ್ಚಿಮಕ್ಕೆ ಸುಮಾರು 20 ಅಡಿ ಅಗಲದ ಖಾಲಿ ಜಾಗವಿದೆ. ಮೇಲ್ಮಣ್ಣು ಕೆಂಪಾಗಿದ್ದು, ಒಂದಡಿ ಅಗೆಯುವಷ್ಟರಲ್ಲಿ ಗರಸು ಸಿಗುತ್ತದೆ. ಈ ಊರಿನ ಮಳೆಗಾಲದ ಸ್ವಭಾವವನ್ನು ಇಲ್ಲಿಯೇ ಹೇಳಿಬಿಡುವುದು ಅಗತ್ಯ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವ ಚಿತ್ರದುರ್ಗಕ್ಕೆ ಜೂನ್, ಜುಲೈ ತಿಂಗಳುಗಳಲ್ಲಿ ಮುಂಗಾರು ಮೋಡವನ್ನೂ ಗಾಳಿಯನ್ನೂ ಧಾರಾಳವಾಗಿ ತರುತ್ತದೆಯೇ ಹೊರತು ಮಳೆಯನ್ನಲ್ಲ. ನೆಲ ನೆನೆಯುವ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಜೋಗಿಮಟ್ಟಿಯ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಈ ಗಾಳಿಯನ್ನು ನೆಚ್ಚಿಕೊಂಡೇ. ಊರಿನವರಿಗೆ ಆಷಾಢದ ಗಾಳಿ ಹೊಸದೇನಲ್ಲ. ಆದರೂ ಹಂದರದ ಯೋಜನೆ ಮಾಡುವಾಗ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಶಿಕ್ಷಕಿಯವರು ನಿರ್ಧಾರ ತೆಗೆದುಕೊಂಡದ್ದು ಓದಿ, ವಿಚಾರಿಸಿದ ಮೇಲೆಯೇ. ನಿಲುವು ಹಂದರವನ್ನು ಉತ್ತರ-ದಕ್ಷಿಣವಾಗಿ ಹಾಕಿದರೆ ಬೆಳಗಿನ ಬಿಸಿಲು ಒಂದು ಮಗ್ಗುಲಿಗೂ ಮಧ್ಯಾಹ್ನದ ನಂತರದ ಬಿಸಿಲು ಇನ್ನೊಂದು ಮಗ್ಗುಲಿಗೂ ಸಿಗುತ್ತದೆ ಎಂಬ ಸಾಮಾನ್ಯ ಸಲಹೆಯನ್ನು ಅವರು ಒಪ್ಪಿದರು. ಪಶ್ಚಿಮದ ಕಾಂಪೌಂಡಿನ ಉದ್ದಕ್ಕೂ 20 ಅಡಿ ಉದ್ದ, 7 ಅಡಿ ಎತ್ತರಕ್ಕೆ ಸರ್ವೆ ಗಳಗಳನ್ನು ನೆಟ್ಟು, ಮೇಲೆ ಕೆಳಗೆ ಜಿಐ ತಂತಿ ಎಳೆದು, ನಡುವೆ ನೈಲಾನ್ ಬಲೆ ಕಟ್ಟಿಸಿದರು. ಗರಸಿಗೆ ಹಾರೆ ತಾಗಿದಲ್ಲಿಯೇ ಗುಂಡಿ ನಿಲ್ಲಿಸಿದ್ದರಿಂದ ಗಳಗಳು ಒಂದಡಿಗಿಂತ ಸ್ವಲ್ಪ ಮಾತ್ರ ಆಳಕ್ಕೆ ಇಳಿದವು. ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿ ಹಾಕಿದ ಗುಣಿಗಳಲ್ಲಿ ಮೇ ತಿಂಗಳ ನಡುವೆ ಹೀರೆ, ಹಾಗಲ, ಸೋರೆ ಮತ್ತು ನಾಟಿ ಅವರೆಯ ಬೀಜ ಊರಲಾಯಿತು. ನಾಲ್ಕೂ ಒಂದೇ ಹಂದರಕ್ಕೆ.

ಅಜ್ಜಿಯ ಆಕ್ಷೇಪ ಒಂದಿತ್ತು. ಹಳ್ಳಿಯಲ್ಲಿ ಬಚ್ಚಲ ನೀರು ಹರಿಯುವ ಕಡೆ ಸೋರೆಯನ್ನೂ ಹೀರೆಯನ್ನೂ ಹಾಕಿ ಬೇಲಿಗೋ ಮಾಡಿಗೋ ಹಬ್ಬಿಸುತ್ತಿದ್ದರೇ ಹೊರತು ಹೀಗೆ ಬಯಲಿನಲ್ಲಿ ಗೋಡೆಯಂತೆ ಯಾರೂ ನಿಲ್ಲಿಸುತ್ತಿರಲಿಲ್ಲ ಎಂಬುದು ಅವರ ಮಾತು. ಬಚ್ಚಲ ನೀರಿನಲ್ಲಿ ಈಗ ಸೋಪು, ಶಾಂಪು ಇರುತ್ತದೆಂದು ಶಿಕ್ಷಕಿ ಆ ವಿಚಾರವನ್ನು ಬದಿಗಿಟ್ಟರು. ನೀರಿನ ಬಗ್ಗೆ ಅವರ ಉತ್ತರ ಸರಿಯಾಗಿಯೇ ಇತ್ತು. ಹಂದರ ನಿಲ್ಲುವ ಜಾಗದ ಬಗ್ಗೆ ಅಜ್ಜಿ ಎತ್ತಿದ್ದ ಅರ್ಧ ಪ್ರಶ್ನೆ ಮಾತ್ರ ಉತ್ತರವಿಲ್ಲದೆ ಉಳಿಯಿತು.

ಎರಡು ತೊಂದರೆಗಳು ಒಂದಾಗಿ ಕಂಡದ್ದು

ಜೂನ್ ಕೊನೆಯ ಹೊತ್ತಿಗೆ ಬಳ್ಳಿಗಳು ಮೇಲಿನ ತಂತಿ ಮುಟ್ಟಿದವು. ಬಲೆ ಖಾಲಿಯಿದ್ದಾಗ ಗಾಳಿ ಅದರೊಳಗೆ ಹಾದುಹೋಗುತ್ತಿತ್ತು. ಎಲೆ ತುಂಬಿದ ಮೇಲೆ ಅದಕ್ಕೆ ಹಾದಿಯೇ ಉಳಿಯಲಿಲ್ಲ. ಪುನರ್ವಸು ಮಳೆಯ ದಿನಗಳಲ್ಲಿ, ಅಂದರೆ ಜುಲೈ ಮೊದಲರ್ಧದಲ್ಲಿ, ಹಂದರ ಪೂರ್ವಕ್ಕೆ ವಾಲತೊಡಗಿತು. ಗಾಳಿಯ ವೇಗ ಎರಡು ಪಟ್ಟಾದರೆ ಅದು ಎದುರಿನ ಮೇಲ್ಮೈಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ವಾರಗಟ್ಟಲೆ ನೆಟ್ಟಗೆ ನಿಂತಿದ್ದ ಗಳಗಳು ಬಿರುಸಾದ ಒಂದು ಸಂಜೆಯಲ್ಲಿ ಬುಡದಿಂದ ಅಲುಗಾಡಿದ್ದರಲ್ಲಿ ಆಶ್ಚರ್ಯವಿಲ್ಲ. ‘ಗಾಳಿಗೆ ಅಡ್ಡ ಕಂಬ್ಳಿ ಹಿಡಿದಂಗೆ ಕಟ್ಟೀಯಲ್ಲಮ್ಮಾ, ಅದು ನಿಲ್ಲಾದು ಹೆಂಗೆ?’ ಎಂದು ಅಜ್ಜಿ ಸೊಸೆಗೆ ಹೇಳಿದ ಮಾತು ಆ ಮನೆಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಇದೇ ಹೊತ್ತಿನಲ್ಲಿ ಇನ್ನೊಂದು ತೊಂದರೆ ಕಾಣಿಸಿತು. ಹೀರೆಯ ಹೆಣ್ಣು ಹೂಗಳ ಬುಡದಲ್ಲಿರುವ ಹೀಚು ಬೆರಳುದ್ದವಾಗುವ ಮೊದಲೇ ಹಳದಿ ತಿರುಗಿ ಉದುರುತ್ತಿತ್ತು. ನೆರೆಯವರು ಮಣ್ಣಿಗೆ ಬಲವಿಲ್ಲವೆಂದರು. ಮನೆಯವರು ಯೂರಿಯಾ ಹಾಕಿದರು. ಬಳ್ಳಿ ಇನ್ನಷ್ಟು ಕಪ್ಪು ಹಸಿರಾಗಿ, ಇನ್ನಷ್ಟು ಎಲೆ ಬಿಟ್ಟು, ಗಂಡು ಹೂಗಳ ಗೊಂಚಲುಗಳನ್ನು ತುಂಬಿಕೊಂಡಿತು. ಕುಂಬಳದ ಜಾತಿಯ ಬಳ್ಳಿಗಳಲ್ಲಿ ಮೊದಲು ಬರುವವು ಗಂಡು ಹೂಗಳೇ. ಸಾರಜನಕ ಹೆಚ್ಚಾದರೆ ಮತ್ತು ಹಗಲು ಉದ್ದವಿದ್ದರೆ ಅವುಗಳ ಪಾಲು ಇನ್ನೂ ಹೆಚ್ಚುತ್ತದೆ. ಯೂರಿಯಾದಿಂದ ಕಾಯಿ ಹೆಚ್ಚಲಿಲ್ಲ, ಗಾಳಿಗೆ ಸಿಗುವ ಎಲೆಯ ಹರವು ಹೆಚ್ಚಿತು.

ಅವರೆಯದು ಬೇರೆಯೇ ಕಥೆ. ಹೀರೆ, ಹಾಗಲಗಳು ಸುರುಳಿ ತಂತುಗಳಿಂದ ಬಲೆಯನ್ನು ಹಿಡಿದು ಏರಿದರೆ, ಅವರೆಯ ಕಾಂಡವೇ ಸಿಕ್ಕಿದ್ದನ್ನು ಸುತ್ತಿಕೊಂಡು ಏರುತ್ತದೆ. ಸಿಕ್ಕಿದ್ದರಲ್ಲಿ ಪಕ್ಕದ ಹೀರೆಯೂ ಸೇರಿತ್ತು. ಸಾಲದ್ದಕ್ಕೆ ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂವಿಗೆ ಮನಸ್ಸು ಮಾಡುವುದಿಲ್ಲ. ಮೇ ತಿಂಗಳಲ್ಲಿ ಊರಿದ ಬೀಜ ಜುಲೈ ಹೊತ್ತಿಗೆ ಹಂದರದ ಕಾಲು ಭಾಗವನ್ನು ಬರೀ ಎಲೆಯಿಂದ ಮುಚ್ಚಿತ್ತು, ಒಂದು ಹೂವೂ ಇರಲಿಲ್ಲ. ಅರ್ಕಾ ಜಯ್, ಅರ್ಕಾ ವಿಜಯ್‌ನಂತಹ ಗಿಡ್ಡ ತಳಿಗಳು ಹಗಲಿನ ಉದ್ದಕ್ಕೆ ಕಾಯುವುದಿಲ್ಲ, ಆದರೆ ಅವು ಪೊದೆಯಾಗಿ ಬೆಳೆಯುವುದರಿಂದ ಹಂದರಕ್ಕೆ ಬೇಕಾದ ತಳಿಗಳಲ್ಲ.

ಮನೆಯವರು ಇಷ್ಟನ್ನೂ ಒಂದೇ ಸಮಸ್ಯೆಯೆಂದು, ಅಂದರೆ ‘ತೋಟ ಕೈ ಹತ್ತಲಿಲ್ಲ’ ಎಂದು ತಿಳಿದಿದ್ದರು. ಹಂದರದ ವಾಲುವಿಕೆಗೂ ಹೀಚು ಉದುರುವುದಕ್ಕೂ ಒಂದೇ ಮದ್ದು ಹುಡುಕುತ್ತಿದ್ದುದರಿಂದ ಮೊದಲ ಕೆಲವು ವಾರಗಳ ಶ್ರಮ ಹೆಚ್ಚು ಫಲ ಕೊಡಲಿಲ್ಲ.

ಬಲಪಡಿಸಿದಾಗ ಆದದ್ದು

ಮಗ ಮೊದಲು ಮಾಡಿದ್ದು ಯಾರಿಗಾದರೂ ಮೊದಲು ತೋಚುವ ಕೆಲಸ. ಗಳಗಳ ಬುಡಕ್ಕೆ ಜಲ್ಲಿ ಸಿಮೆಂಟು ಹಾಕಿಸಿ, ವಿದ್ಯುತ್ ಕಂಬಕ್ಕೆ ಕಟ್ಟುವಂತೆ ಪಶ್ಚಿಮಕ್ಕೆ ಸ್ಟೇ ತಂತಿ ಎಳೆದು ಗೂಟಕ್ಕೆ ಬಿಗಿದರು. ಗಳಗಳು ನಿಂತವು. ಆದರೆ ಗಾಳಿಯ ಒತ್ತಡವೇನೂ ಕಡಿಮೆಯಾಗಿರಲಿಲ್ಲ. ಕಂಬ ಬಾಗದಿದ್ದಾಗ ಅದು ಬಲೆಯ ಮೇಲೆ ಬಿತ್ತು. ಬಲೆ ಹೊಟ್ಟೆಯುಬ್ಬಿ ಹಿಂದೆ ಮುಂದೆ ಬಡಿದುಕೊಳ್ಳತೊಡಗಿ, ನೈಲಾನ್ ಗಂಟುಗಳಿಗೆ ಉಜ್ಜಿದ ಕಾಂಡಗಳು ಗಾಯಗೊಂಡವು, ಸೋರೆಯ ಅಗಲ ಎಲೆಗಳು ಅಂಚಿನಿಂದ ಸೀಳಿದವು, ಹೊಸ ತಂತುಗಳು ಹಿಡಿತ ಸಿಗುವ ಮೊದಲೇ ಹರಿದವು. ಈ ಹಂತದಲ್ಲಿ ಹಂದರ ಗಟ್ಟಿಯಾಗಿದ್ದು, ಅದರ ಮೇಲಿನ ಬೆಳೆ ಮೊದಲಿಗಿಂತ ಹೆಚ್ಚು ಕೆಟ್ಟಿತು. ಕೈತೋಟಗಳಲ್ಲಿ ಸರಿಪಡಿಸುವ ಕೆಲಸ ಹೆಚ್ಚಾಗಿ ಕಣ್ಣಿಗೆ ಕಾಣುವ ಭಾಗದಲ್ಲಿ ನಡೆಯುತ್ತದೆ ಎಂಬುದಕ್ಕೆ ನಾನು ನೋಡಿದವುಗಳಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ.

ನಂತರ ಕಾಂಪೌಂಡಿನ ಮೇಲೆ ಹಳೆಯ ಫ್ಲೆಕ್ಸ್ ಹಾಳೆಯನ್ನು ಗಾಳಿತಡೆಯಾಗಿ ಕಟ್ಟಿದರು. ತೂತಿಲ್ಲದ ತಡೆಗೆ ಬಡಿದ ಗಾಳಿ ಅದರ ಮೇಲಿನಿಂದ ಹಾರಿ ಹಿಂಬದಿಯಲ್ಲಿ ಸುಳಿಯಾಗಿ ಇಳಿಯುತ್ತದೆ. ಹಂದರ ಆ ಸುಳಿಯಲ್ಲಿಯೇ ಇತ್ತು. ಫ್ಲೆಕ್ಸ್ ತೆಗೆದು, ಅರ್ಧದಷ್ಟು ಗಾಳಿಯನ್ನು ಒಳಬಿಡುವ ಹಸಿರು ಶೇಡ್ ನೆಟ್ ಕಟ್ಟಿದಾಗ ಕೆಳಗಿನ ಮೂರ್ನಾಲ್ಕು ಅಡಿಯ ಬಳ್ಳಿ ನೆಮ್ಮದಿಯಾಗಿ ನಿಂತಿತು. ಮೇಲಿನ ಭಾಗಕ್ಕೂ ನೆಟ್ ಏರಿಸಬೇಕಾದರೆ ಅದಕ್ಕೇ ಇನ್ನೊಂದು ಸಾಲು ಕಂಬ ಬೇಕು, ಅಂದರೆ ಹಂದರ ಕಾಯಲು ಇನ್ನೊಂದು ಹಂದರ. ಶಿಕ್ಷಕಿ ಅಲ್ಲಿಗೆ ಖರ್ಚು ನಿಲ್ಲಿಸಿದರು, ಅದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ.

ಹಾಗಲ ಕೊಟ್ಟ ಸುಳಿವು

ಪ್ರಕರಣ ತಿರುಗಿದ್ದು ಅಡುಗೆಮನೆಯಿಂದ. ಹೀರೇಕಾಯಿ ಸಿಗುತ್ತಿಲ್ಲವೆಂಬ ದೂರಿನ ನಡುವೆಯೇ ಹಾಗಲಕಾಯಿ ವಾರಕ್ಕೆ ಎರಡು ಬಾರಿ ಪಲ್ಯವಾಗುತ್ತಿತ್ತು. ಅದೇ ಮಣ್ಣು, ಅದೇ ಗೊಬ್ಬರ, ಅದೇ ನೀರು, ಅದೇ ಬಲೆ. ಒಂದು ಕಚ್ಚುತ್ತದೆ, ಇನ್ನೊಂದು ಉದುರುತ್ತದೆ. ಮಣ್ಣು ಬಡವಾಗಿದ್ದರೆ ಎರಡಕ್ಕೂ ಬಡವಾಗಿರಬೇಕಿತ್ತು. ಈ ಹೋಲಿಕೆಯನ್ನು ಶಿಕ್ಷಕಿಯೇ ಗಮನಿಸಿ ಕೇಳಿದಾಗ, ಎರಡು ಬಳ್ಳಿಗಳ ಹೂವು ಅರಳುವ ಹೊತ್ತನ್ನು ಕೆಲವು ದಿನ ಬರೆದಿಡುವಂತೆ ನಾನು ಸೂಚಿಸಿದೆ.

ಬರೆದಿಟ್ಟಾಗ ಕಂಡದ್ದು ಇದು. ಹಾಗಲದ ಹೂ ನಸುಕಿನಲ್ಲಿ ಅರಳುತ್ತದೆ. ಆ ಹೊತ್ತಿಗೆ ಗಾಳಿ ತಗ್ಗಿರುತ್ತದೆ, ಜೇನುನೊಣಗಳು ಓಡಾಡುತ್ತವೆ. ಹೀರೆಯ ಹೂ ಸಂಜೆ ಅರಳುತ್ತದೆ. ಅಲ್ಲಿ ಆಷಾಢದ ದಿನಗಳಲ್ಲಿ ಮಧ್ಯಾಹ್ನದಿಂದ ಏರಿದ ಗಾಳಿ ಸಂಜೆಗೂ ಇಳಿದಿರುವುದಿಲ್ಲ. ಹೊಯ್ದಾಡುವ ಬಲೆಯ ಮೇಲಿನ ಹಳದಿ ಹೂವಿನ ಮೇಲೆ ಯಾವ ಕೀಟವೂ ಕೂರುತ್ತಿರಲಿಲ್ಲ. ಸೋರೆಯ ಬಿಳಿ ಹೂವೂ ಸಂಜೆ ಅರಳುವಂಥದೇ, ಅದರ ಹೀಚುಗಳೂ ಹೆಚ್ಚಾಗಿ ಉದುರುತ್ತಿದ್ದವು. ಸೋರೆಯನ್ನು ಯಾರೂ ಎಣಿಸಿರಲಿಲ್ಲ, ಏಕೆಂದರೆ ಉಳಿದ ಒಂದೆರಡು ಕಾಯಿಗಳೇ ಮನೆಗೆ ಸಾಕಾಗುತ್ತಿದ್ದವು.

ಊಹೆಯನ್ನು ಪರೀಕ್ಷಿಸುವುದು ಸುಲಭವಿತ್ತು. ಸಂಜೆ ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಪರಾಗವನ್ನು ಹೆಣ್ಣು ಹೂವಿನ ನಡುವಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿಯುವ ತುದಿಗೆ, ಮೆಲ್ಲಗೆ ಸವರಿ, ಆ ಹೂವಿನ ತೊಟ್ಟಿಗೆ ಬಣ್ಣದ ನೂಲು ಕಟ್ಟಬೇಕು; ಪಕ್ಕದ ಕೆಲವು ಹೆಣ್ಣು ಹೂಗಳನ್ನು ಮುಟ್ಟದೆ ಹಾಗೆಯೇ ಬಿಡಬೇಕು. ನೂಲು ಕಟ್ಟಿದ ಹೀಚುಗಳಲ್ಲಿ ಬಹುಪಾಲು ಕಾಯಿಯಾದವು. ಮುಟ್ಟದೆ ಬಿಟ್ಟವು ಮೊದಲಿನಂತೆಯೇ ಉದುರಿದವು. ಯೂರಿಯಾ ಅಂದಿಗೆ ನಿಂತಿತು. ಉಳಿದ ಋತುವಿನಲ್ಲಿ ಹೀರೆಗೆ ಪರಾಗ ಮುಟ್ಟಿಸುವುದು ಅಜ್ಜಿಯ ಸಂಜೆಯ ಕೆಲಸವಾಯಿತು. ದೀಪ ಹಚ್ಚುವ ಮೊದಲು ಅದನ್ನು ಮುಗಿಸಬೇಕೆಂಬ ನಿಯಮವನ್ನು ಅವರೇ ಮಾಡಿಕೊಂಡರು.

ಈ ಪರೀಕ್ಷೆಯಿಂದ ಎರಡು ತೊಂದರೆಗಳು ಬೇರೆಯಾದವು. ಹಂದರದ ವಾಲುವಿಕೆ ರಚನೆಗೂ ದಿಕ್ಕಿಗೂ ಸೇರಿದ್ದು. ಹೀಚು ಉದುರುವುದು ಹೂ ಅರಳುವ ಹೊತ್ತಿಗೂ ಕಾಲಕ್ಕೂ ಸೇರಿದ್ದು. ಗಾಳಿ ಎರಡರಲ್ಲಿಯೂ ಇತ್ತು, ಆದರೆ ಪರಿಹಾರ ಒಂದೇ ಆಗಬೇಕಾಗಿರಲಿಲ್ಲ.

ಅವರೆಯ ಬಗ್ಗೆ ಮನೆಯಲ್ಲಿ ನಿಜವಾದ ಜಗಳವೇ ಆಯಿತು. ಮಾಗಿಯಲ್ಲಿ ಸೊಗಡಿನ ಕಾಯಿ ಬಿಡುವ ಬಳ್ಳಿಯನ್ನು ಆಷಾಢದಲ್ಲಿ ಕಡಿಯುವುದು ಅಜ್ಜಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ದಕ್ಷಿಣದ ತುದಿಯ ಬಳ್ಳಿಗಳನ್ನು ಮಾತ್ರ ಬಿಟ್ಟು ಉಳಿದವನ್ನು ಬುಡಕ್ಕೆ ಕತ್ತರಿಸಲಾಯಿತು, ಮತ್ತು ಬಲೆಯ ನಡುವೆ ತೆರವಾದ ಭಾಗದಿಂದ ಗಾಳಿ ಹಾಯತೊಡಗಿದ್ದರಿಂದ ಹಂದರದ ಹೊಯ್ದಾಟ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಬಿಟ್ಟ ಬಳ್ಳಿಗಳು ಅಜ್ಜಿ ಹೇಳಿದ ಕಾಲಕ್ಕೇ ಕಾಯಿ ಕೊಟ್ಟವು.

ಎರಡನೆಯ ವರ್ಷದ ತೀರ್ಮಾನಗಳು

ಮರುವರ್ಷ ಉದ್ದದ ಒಂದು ಗೋಡೆಯ ಬದಲಿಗೆ 8 ಅಡಿ ಉದ್ದ, 5 ಅಡಿ ಎತ್ತರದ ಎರಡು ತುಂಡು ಹಂದರಗಳನ್ನು ಗಾಳಿ ಹೋಗುವ ದಿಕ್ಕಿಗೇ ನಿಲ್ಲಿಸಲು ತೀರ್ಮಾನವಾಯಿತು. ದಿಕ್ಕನ್ನು ಊಹಿಸದೆ, ಮೇ ಕೊನೆಯಲ್ಲಿ ಒಂದು ಗಳದ ತುದಿಗೆ ಬಟ್ಟೆಯ ಪಟ್ಟಿ ಕಟ್ಟಿ, ಸಂಜೆಯ ಹೊತ್ತು ಅದು ಎತ್ತ ಹಾರುತ್ತದೆಂದು ನೋಡಿ ನೆಲದ ಮೇಲೆ ಸುಣ್ಣದ ಗೆರೆ ಎಳೆದರು. ಗೆರೆ ನೇರ ಪೂರ್ವಕ್ಕೆ ಹೋಗಲಿಲ್ಲ, ಕೊಂಚ ಈಶಾನ್ಯಕ್ಕೆ ತಿರುಗಿತ್ತು. ಕಾಂಪೌಂಡಿಗೆ ಓರೆಯಾಗಿ ಕಾಣುತ್ತದೆಂದು ಮಗ ಬೇಸರಪಟ್ಟರೂ ಗೆರೆಯಂತೆಯೇ ಗುಂಡಿ ತೆಗೆಯಲಾಯಿತು.

ಗಳಗಳ ಬದಲು ಭೀಮಸಮುದ್ರದ ಕಡೆಯಿಂದ ತರಿಸಿದ ಅಡಿಕೆ ದಬ್ಬೆಗಳನ್ನು ಬಳಸಿ, ಎರಡು ಸಾಲು ದಬ್ಬೆಗಳ ಬುಡವನ್ನು ದೂರವಿಟ್ಟು ತುದಿಯನ್ನು ಒಂದುಗೂಡಿಸಿ ಮಾಡಿನ ಆಕಾರಕ್ಕೆ ಕಟ್ಟಿದರು. ಇಂತಹ ಹಂದರ ಎರಡೂ ಕಾಲುಗಳ ಮೇಲೆ ನಿಲ್ಲುವುದರಿಂದ ಗರಸಿನಲ್ಲಿ ಆಳಕ್ಕೆ ಇಳಿಯಬೇಕಾದ ಅಗತ್ಯ ಬರಲಿಲ್ಲ. ಗೆದ್ದಲಿನ ಭಯಕ್ಕೆ ದಬ್ಬೆಗಳ ಬುಡಕ್ಕೆ ಡಾಂಬರು ಬಳಿದರು. ಬಲೆಯ ಬದಲಿಗೆ ಸುತಲಿ ದಾರವನ್ನು ಅಗಲವಾಗಿ ಎಳೆದರು, ಋತು ಮುಗಿದ ಮೇಲೆ ಒಣಬಳ್ಳಿಯ ಸಮೇತ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಬಹುದೆಂದು. ಭಾರದ ಸೋರೆಯನ್ನು ಮನೆಯ ಪೂರ್ವಕ್ಕೆ, ಗೋಡೆಯ ಮರೆಯಲ್ಲಿ ತಲೆಯೆತ್ತರದ ಚಿಕ್ಕ ಚಪ್ಪರಕ್ಕೆ ವರ್ಗಾಯಿಸಿದರು. ಇದು ಅಜ್ಜಿ ಮೊದಲ ವರ್ಷವೇ ತೋರಿಸಿದ್ದ ಜಾಗ.

ದಿಕ್ಕು ಬದಲಿಸಿದರೆ ಬಿಸಿಲು ಕಡಿಮೆಯಾಗುವುದಿಲ್ಲವೇ ಎಂಬ ಶಿಕ್ಷಕಿಯ ಪ್ರಶ್ನೆ ನ್ಯಾಯವಾದದ್ದು. ಪೂರ್ವ-ಪಶ್ಚಿಮವಾಗಿ ನಿಂತ ಹಂದರದ ಉತ್ತರದ ಮಗ್ಗುಲು ಸದಾ ನೆರಳಿನಲ್ಲಿರುತ್ತದೆ ಎಂಬ ಮಾತು ನಮಗಿಂತ ಬಹಳ ಉತ್ತರದ ದೇಶಗಳಿಗೆ ಹೊಂದುತ್ತದೆ. ಚಿತ್ರದುರ್ಗ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಸೂರ್ಯ ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ ನಡುನೆತ್ತಿಗೆ ಬರುತ್ತಾನೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಬಿಸಿಲು ಬೀಳುವುದು ಉತ್ತರದ ಕಡೆಯಿಂದಲೇ. ಜೂನ್ ಮಧ್ಯಾಹ್ನದಲ್ಲಿ 5 ಅಡಿಯ ಹಂದರದ ನೆರಳು ದಕ್ಷಿಣಕ್ಕೆ ಒಂದಡಿಯೂ ಚಾಚುವುದಿಲ್ಲ. ಡಿಸೆಂಬರ್ ಮಧ್ಯಾಹ್ನ ಅದೇ ನೆರಳು ಉತ್ತರಕ್ಕೆ ಸುಮಾರು 4 ಅಡಿ ಬೀಳುತ್ತದೆ, ಆ ಪಟ್ಟಿಯಲ್ಲಿ ಮೆಂತ್ಯ, ಪಾಲಕ್ ಹಾಕಿದರೆ ಜಾಗ ವ್ಯರ್ಥವಾಗುವುದಿಲ್ಲ. ಮೇಲಾಗಿ ಮೋಡ ಮುಚ್ಚಿದ ಆಷಾಢದಲ್ಲಿ ಬೆಳಕು ಎಲ್ಲ ದಿಕ್ಕಿನಿಂದಲೂ ಚದುರಿ ಬರುವುದರಿಂದ ಹಂದರದ ದಿಕ್ಕಿಗೆ ಅಷ್ಟು ಮಹತ್ವವೇ ಉಳಿಯುವುದಿಲ್ಲ.

ಬಿತ್ತನೆಯ ಕಾಲವನ್ನೂ ಒಡೆದರು. ಬೆಳಗ್ಗೆ ಅರಳುವ ಹಾಗಲವನ್ನು ಮೊದಲಿನಂತೆ ಮೇ ತಿಂಗಳಲ್ಲಿಯೇ ಊರಿದರು. ಹೀರೆಯನ್ನು ಆಶ್ಲೇಷ ಮಳೆ ಮುಗಿದು ಮಘೆ ಹುಟ್ಟುವ ಹೊತ್ತಿಗೆ, ಆಗಸ್ಟ್ ನಡುವೆ ಊರಿದರು. ಹಾಗೆ ಮಾಡಿದರೆ ಅದು ಹೂ ಬಿಡುವ ಹೊತ್ತಿಗೆ ಮುಂಗಾರಿನ ಗಾಳಿ ಇಳಿದಿರುತ್ತದೆ ಎಂಬುದು ಲೆಕ್ಕ.

ಫಲಿತಾಂಶ, ಮತ್ತು ಅದನ್ನು ಓದಬೇಕಾದ ರೀತಿ

ಹಾಗಲದ ಹಂದರ ಆಷಾಢವನ್ನು ಸ್ಟೇ ತಂತಿಯಿಲ್ಲದೆ ದಾಟಿತು. ಹೀರೆ ಸೆಪ್ಟೆಂಬರ್ ಕೊನೆಯಿಂದ ಕಚ್ಚತೊಡಗಿ, ಅಜ್ಜಿಯ ಸಂಜೆಯ ಕೆಲಸವನ್ನು ತಪ್ಪಿಸಿತು.

ಆದರೆ ಹಿಂಗಾರಿನ ತೇವದಲ್ಲಿ ಬೆಳೆದ ಹೀರೆಗೆ ಬೂದಿ ರೋಗ ತಗುಲಿತು. ಬುಡದ ಹಳೆಯ ಎಲೆಗಳನ್ನು ಮೊದಲೇ ತೆಗೆಯುತ್ತಾ ಬಂದಿದ್ದರಿಂದ ಅದು ಮೇಲೇರುವುದು ತಡವಾಯಿತು, ನಿಲ್ಲಲಿಲ್ಲ. ಹಾಗಲಕ್ಕೆ ಮೊದಲ ವರ್ಷ ಕಾಣದಿದ್ದ ಹಣ್ಣಿನ ನೊಣದ ಕಾಟ ಬಂತು: ಎಳೆಗಾಯಿ ಒಂದು ಕಡೆ ಸೊಟ್ಟಗಾಗಿ ಹಳದಿ ತಿರುಗಿದರೆ ಒಳಗೆ ಹುಳ ಇದ್ದೇ ಇರುತ್ತಿತ್ತು. ಬಿದ್ದ ಕಾಯಿಗಳನ್ನು ಅಲ್ಲಿಯೇ ಬಿಡದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡುವುದು, ಎಳೆಗಾಯಿಗೆ ಪತ್ರಿಕೆಯ ಕಾಗದದ ಕೊಳವೆ ತೊಡಿಸುವುದು, ಗಂಡು ನೊಣಗಳನ್ನು ಸೆಳೆಯುವ ಕ್ಯೂ ಲೂರ್ ಬಲೆಯನ್ನು ತೂಗುಹಾಕುವುದು, ಈ ಮೂರನ್ನೂ ಮಾಡಿದರು. ಮೂರರಲ್ಲಿ ಕಾಗದದ ಕೊಳವೆಯೇ ಮನೆಯ ಮಟ್ಟಿಗೆ ಹೆಚ್ಚು ಕೆಲಸಕ್ಕೆ ಬಂತೆಂದು ಶಿಕ್ಷಕಿ ಹೇಳುತ್ತಾರೆ. ಅಕ್ಕಪಕ್ಕದ ತೋಟಗಳಲ್ಲಿ ಯಾರೂ ಬಲೆ ಇಡದಿದ್ದಾಗ ಒಂದೇ ಬಲೆಯಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ ಎಂದು ನಾನು ಸೇರಿಸುತ್ತೇನೆ.

ಈ ಪ್ರಕರಣವನ್ನು ಬೇರೆ ತೋಟಕ್ಕೆ ಅನ್ವಯಿಸುವವರು ಒಂದು ಎಚ್ಚರಿಕೆ ವಹಿಸಬೇಕು. ಹೀರೆಯ ವಿಷಯದಲ್ಲಿ ಹಂದರದ ದಿಕ್ಕು, ಎತ್ತರ ಮತ್ತು ಬಿತ್ತನೆಯ ಕಾಲ ಮೂರೂ ಒಟ್ಟಿಗೆ ಬದಲಾದವು, ಹಾಗಾಗಿ ಕಾಯಿ ಕಚ್ಚಿದ್ದರ ಯಶಸ್ಸನ್ನು ಹಂದರದ ದಿಕ್ಕಿಗೆ ಬರೆಯುವಂತಿಲ್ಲ. ಮೊದಲ ವರ್ಷದ ನೂಲಿನ ಪರೀಕ್ಷೆಯನ್ನು ನೋಡಿದರೆ ಅದರ ಹೆಚ್ಚಿನ ಪಾಲು ಬಿತ್ತನೆಯ ಕಾಲಕ್ಕೆ ಸೇರಬೇಕು. ಹಾಗಲದ ಬಿತ್ತನೆಯ ಕಾಲ ಬದಲಾಗಿರಲಿಲ್ಲವಾದ್ದರಿಂದ, ಅದೇ ಆಷಾಢದ ಗಾಳಿಯಲ್ಲಿ ಹಂದರ ನೆಟ್ಟಗೆ ನಿಂತದ್ದನ್ನು ಮಾತ್ರ ಹೊಸ ರಚನೆಯ ಲೆಕ್ಕಕ್ಕೆ ಹಾಕಬಹುದು. ಅದರಲ್ಲಿಯೂ ದಿಕ್ಕಿನ ಪಾಲೆಷ್ಟು, ಎತ್ತರ ತಗ್ಗಿಸಿದ್ದರ ಪಾಲೆಷ್ಟು ಎಂದು ಬಿಡಿಸಲು ಬರುವುದಿಲ್ಲ. ಪಶ್ಚಿಮಕ್ಕೆ ಎತ್ತರದ ಮನೆಯೋ ಬೇವಿನ ಮರವೋ ಇರುವ ನಿವೇಶನದಲ್ಲಿ ಉತ್ತರ-ದಕ್ಷಿಣದ ಹಂದರ ತೊಂದರೆಯಿಲ್ಲದೆ ನಿಲ್ಲಬಹುದು, ಅಲ್ಲಿ ಆ ಸಲಹೆಯನ್ನು ಬಿಡಲು ಕಾರಣವಿಲ್ಲ. ಬಟ್ಟೆಯ ಪಟ್ಟಿ ಕಟ್ಟಿ ನೋಡಲು ಖರ್ಚಿಲ್ಲ. ಅದನ್ನು ಹೂ ಅರಳುವ ಹೊತ್ತಿನಲ್ಲಿ, ಅಂದರೆ ಹೀರೆ ಹಾಕುವವರು ಸಂಜೆ ಮತ್ತು ಹಾಗಲ ಹಾಕುವವರು ಮುಂಜಾನೆ ನೋಡಬೇಕು.

ಮೊದಲ ವರ್ಷ ಸಿಮೆಂಟು ಹಾಕಿ ನೆಟ್ಟ ಸರ್ವೆ ಗಳಗಳನ್ನು ಕೀಳಲು ಆಗದೆ ಅಲ್ಲಿಯೇ ಬಿಟ್ಟಿದ್ದಾರೆ. ಈ ವರ್ಷ ಅವುಗಳಿಗೆ ಮೇಲಿನ ತಂತಿಯನ್ನು ಮಾತ್ರ ಉಳಿಸಿ, ಗಾಳಿ ಇಳಿದ ಮೇಲೆ ಎಲೆ ತುಂಬಿಕೊಳ್ಳುವಂತೆ ಜುಲೈ ಕೊನೆಯಲ್ಲಿ ಅವರೆ ಹಾಕುವುದೆಂದು ಅಜ್ಜಿ ಮತ್ತು ಶಿಕ್ಷಕಿ ಒಪ್ಪಂದಕ್ಕೆ ಬಂದಿದ್ದಾರೆ.